ಬೆಳಗಿನ ಪ್ರಶ್ನೆ

ಮಾರ್ಚ್ ೩, ಸೋಮವಾರ

ನನ್ನ ಹೆಂಡತಿಯಲ್ಲಿ ಕಾಣುವ ಬದಲಾವಣೆಗಳನ್ನು ಬರೆದಿಡಿ ಎಂದು ವೈದ್ಯರು ಹೇಳಿದರು. ದಿನಾಂಕ ಹಾಕಿ, ನಡೆದದ್ದನ್ನಷ್ಟೇ ಬರೆಯಿರಿ, ನಿಮ್ಮ ಅಭಿಪ್ರಾಯ ಬೇಡ ಎಂದರು. ಆ ಮಾತು ನನಗೆ ಹಿಡಿಸಿತು. ಅದಕ್ಕೆ ಈ ಫೈಲು. ಕಂಪ್ಯೂಟರಿನಲ್ಲಿ ಬರೆಯಲೆಂದು ನಾವೇ ತಯಾರಿಸಿದ ಎಡಿಟರಿನಲ್ಲಿ ಬರೆಯುತ್ತಿದ್ದೇನೆ. ಮುಚ್ಚಿದ ಕೂಡಲೇ ಅಕ್ಷರಗಳೆಲ್ಲ ಗೂಢಲಿಪಿಯಾಗಿ ಬೀಗ ಬೀಳುತ್ತದೆ. ಇವಳ ಕಣ್ಣಿಗೆ ಬಿದ್ದರೆ ನೊಂದುಕೊಳ್ಳುತ್ತಾಳೆ.

ಇಂದು: ಸ್ನಾನಕ್ಕೆ ನೀರು ಬಿಟ್ಟು ಮರೆತಳು. ಮಗಳ ಹೆಸರು ನೆನಪಿತ್ತು, ತಿಂಗಳು ತಪ್ಪು ಹೇಳಿದಳು. ಮಧ್ಯಾಹ್ನ ಮನೆಯೆಲ್ಲ ಕನ್ನಡಕ ಹುಡುಕಿದಳು, ಅದು ಮೂಗಿನ ಮೇಲೇ ಇತ್ತು. "ಇದನ್ನ ಕಾಯಿಲೆ ಲೆಕ್ಕಕ್ಕೆ ಸೇರಿಸ್ಬೇಡ, ಇದು ಹುಟ್ಟುಗುಣ" ಎಂದಳು. ನಿಜ. ಸೇರಿಸಿಲ್ಲ.

ಸಹಾಯವಾಣಿಯ ಫೋನನ್ನು ಇನ್ನು ನಾನೇ ಎತ್ತಬೇಕು. ಈ ಎಡಿಟರನ್ನು ನಾವಿಬ್ಬರೂ ಸೇರಿ ಶುರು ಮಾಡಿದ ದಿನದಿಂದ ಪ್ರೋಗ್ರಾಂ ಬರೆಯುವುದು ನನ್ನ ಪಾಲು, ಸಹಾಯ ಪುಟಗಳನ್ನು ಬರೆಯುವುದು ಮತ್ತು ಫೋನು ಎತ್ತುವುದು ಅವಳ ಪಾಲು. ಮನೆಯ ಮುಂಕೋಣೆಯೇ ಆಫೀಸು. ಕಿಟಕಿ ಪಕ್ಕದ ಕುರ್ಚಿ ಅವಳದು. ಈಗ ಅವಳ ಕಂಪ್ಯೂಟರನ್ನು ಒಳಕೋಣೆಗೆ ಸಾಗಿಸಿ ನಾನು ಇಲ್ಲಿ ಕುಳಿತಿದ್ದೇನೆ. ಕುರ್ಚಿ ತಗ್ಗಾಗಿದೆ, ಎತ್ತರಿಸುವ ಹಿಡಿ ಎಲ್ಲಿದೆಯೋ ಸಿಗಲಿಲ್ಲ.

ಇಂದು ಒಂದೇ ಕರೆ. ಒಬ್ಬ ವಕೀಲರು ಪಾಸ್‌ವರ್ಡ್ ಮರೆತಿದ್ದರು. ಪಾಸ್‌ವರ್ಡ್ ನಮ್ಮಲ್ಲಿ ಇರುವುದಿಲ್ಲ, ತೆರೆಯಲು ಹಿಂಬಾಗಿಲು ಇಲ್ಲ, ಬೇಕೆಂದೇ ಹಾಗೆ ಮಾಡಿದ್ದೇವೆ ಎಂದು ಹೇಳಿ ಫೋನು ಇಟ್ಟೆ. ಥಟ್ಟನೆ ಮುಗಿಯಿತು. ಇಂಥ ಕರೆಗೆ ಇವಳು ಅರ್ಧ ಗಂಟೆ ತೆಗೆದುಕೊಳ್ಳುತ್ತಿದ್ದಳು. ಏಕೆಂದು ನನಗೆ ಎಂದೂ ಅರ್ಥವಾಗಿಲ್ಲ.

ಮಾರ್ಚ್ ೯, ಭಾನುವಾರ

ಮಗಳು ಬಂದಿದ್ದಳು. ಅವಳು ಕೆಲಸ ಮಾಡುವ ಆಸ್ಪತ್ರೆಯ ಹತ್ತಿರ ಒಂದು ಆರೈಕೆ ಮನೆ ಇದೆಯಂತೆ. ಮರೆವಿನ ಕಾಯಿಲೆಯವರಿಗೆಂದೇ ಇರುವುದು. ಸಣ್ಣದು, ಚೊಕ್ಕಟ, ಅಂಗಳವಿದೆ, ನರ್ಸುಗಳು ಗದರುವುದಿಲ್ಲ. ಒಂದು ಹಾಸಿಗೆ ಖಾಲಿಯಾಗಲಿದೆ. ಮುಂದಿನ ತಿಂಗಳ ನಡುವಿನವರೆಗೆ ನಮಗಾಗಿ ಹಿಡಿದಿಡುತ್ತಾರೆ, ಅಷ್ಟರೊಳಗೆ ಹೌದೋ ಅಲ್ಲವೋ ಹೇಳಬೇಕು. ನಾನು ಇಲ್ಲ ಎಂದೆ. ಮಗಳು, ಅಪ್ಪಾ, ನೀನೊಬ್ಬನೇ ಎಷ್ಟು ದಿನ ನೋಡ್ಕೊಳ್ತೀಯ ಎಂದಳು. ಇಬ್ಬರ ದನಿಯೂ ಏರಿತು.

ಇವಳು ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ನಮ್ಮ ನಡುವೆ ಕುಳಿತಳು. ಇಂದು ಅವಳ ಒಳ್ಳೆಯ ದಿನ.

"ನನ್ನ ವಿಷಯಕ್ಕೆ ನೀವಿಬ್ರೂ ಕೋಳಿಜಗಳ ಆಡಬೇಡಿ" ಎಂದಳು. "ನನ್ನನ್ನ ಎಲ್ಲಿ ಇಟ್ಕೋಬೇಕು, ಏನು ಮಾಡಬೇಕು ಅಂತ ಬರೆದಿಟ್ಟಿದೀನಿ. ಕಾಯಿಲೆ ಹೆಸರು ಗೊತ್ತಾದ ವಾರವೇ ಬರೆದೆ. ಇವನಿಗೆ ಅಂತ ಬರೆದದ್ದು. ನಾನು ಇವನ ಗುರುತು ಹಿಡಿಯದೇ ಹೋದ ದಿನ ತೆಗೆದು ಓದಲಿ."

ಅವಳ ಕಂಪ್ಯೂಟರಿನಲ್ಲಿ ಫೈಲು ಇದೆ. ಬೀಗ ಬಿದ್ದಿದೆ. ಪಾಸ್‌ವರ್ಡ್ ಈಗಲೇ ಹೇಳಿಬಿಡು ಎಂದು ಮಗಳು ಹಟ ಹಿಡಿದಳು. "ಹೇಳಿದ್ರೆ ನಿಮ್ಮಪ್ಪ ಇವತ್ತೇ ಓದ್ತಾನೆ. ಮೂವತ್ತು ವರ್ಷ ಸಂಸಾರ ಮಾಡಿದೀನಿ, ನನಗೆ ಗೊತ್ತಿಲ್ವಾ?" ಎಂದು ನಕ್ಕಳು.

ಓದುತ್ತಿದ್ದೆ. ಅದಕ್ಕೇ ಒತ್ತಾಯಿಸಲಿಲ್ಲ. ಇನ್ನೂ ಹೊತ್ತಿದೆ.

ಮಾರ್ಚ್ ೧೪, ಶುಕ್ರವಾರ

ಬೆಳಿಗ್ಗೆ ಗ್ಯಾಸ್ ಒಲೆಯ ಮೇಲೆ ಖಾಲಿ ಪಾತ್ರೆ ಇಟ್ಟು ಮಲಗಿದ್ದಳು. ತಳ ಕರಕಲಾಗಿತ್ತು. ಮಗಳು ಹೇಳಿದ್ದು ಸರಿ ಅನಿಸಿತು, ಪಾಸ್‌ವರ್ಡನ್ನು ಈಗಲೇ ಕೇಳಿಟ್ಟುಕೊಳ್ಳಬೇಕು.

ಕೇಳಿದೆ. ತಕರಾರಿಲ್ಲದೆ ಒಪ್ಪಿ ಕಂಪ್ಯೂಟರಿನ ಮುಂದೆ ಕುಳಿತಳು. ಬೆರಳುಗಳನ್ನು ಕೀಲಿಮಣೆಯ ಮೇಲೆ ಇಟ್ಟು ಕಾದಳು. ಏನೋ ಒತ್ತಿದಳು, ತಪ್ಪು ಎಂದು ಬಂತು. ಇನ್ನೊಮ್ಮೆ ಒತ್ತಿದಳು, ಮತ್ತೆ ತಪ್ಪು. "ನಾಲಿಗೆ ತುದಿಯಲ್ಲಿದೆ ಕಣೋ. ಅವಸರ ಮಾಡಬೇಡ" ಎಂದಳು. ನಾನು ಅವಸರ ಮಾಡಿರಲಿಲ್ಲ. ಹಿಂದೆ ನಿಂತಿದ್ದೆ, ಅಷ್ಟೆ.

ಮಾರ್ಚ್ ೧೫, ಶನಿವಾರ

ದಾರಿಗಳನ್ನು ಒಂದೊಂದಾಗಿ ನೋಡಿದೆ.

ಬೀಗ ಹಾಕುವ ಮೊದಲಿನ ನಕಲು ಡಿಸ್ಕಿನಲ್ಲಿ ಉಳಿದಿರಬಹುದೇ? ಇಲ್ಲ. ಬೀಗ ಬಿದ್ದ ಕೂಡಲೇ ಎಡಿಟರ್ ಮೂಲದ ಮೇಲೆ ಅರ್ಥವಿಲ್ಲದ ಅಕ್ಷರ ಬರೆದು ಅಳಿಸಿಹಾಕುತ್ತದೆ. ಆ ಭಾಗ ಬರೆದವನು ನಾನು. ಬರೆಯುತ್ತಿರುವಾಗ ಎಡಿಟರ್ ಮಾಡಿಕೊಳ್ಳುವ ತಾತ್ಕಾಲಿಕ ಪ್ರತಿ? ಅದೂ ಬೀಗದೊಳಗೇ ಇರುತ್ತದೆ. ಊಹಿಸಿ ಊಹಿಸಿ ನೋಡುವ ಇನ್ನೊಂದು ಪ್ರೋಗ್ರಾಂ? ಕಳ್ಳರು ಹಾಗೆ ಮಾಡಬಾರದೆಂದು ಪ್ರತಿಯೊಂದು ಊಹೆಗೂ ಬೇಕೆಂದೇ ತಡವಾಗುವಂತೆ ಮಾಡಿದ್ದೇನೆ. ಇವಳು ಐದು ಪದ ಇಟ್ಟಿದ್ದರೆ ನಮ್ಮಿಬ್ಬರ ಆಯಸ್ಸು ಸೇರಿದರೂ ಸಾಲದು. ಐದು ಪದವೇ ಇಟ್ಟಿರುತ್ತಾಳೆ. ಸಹಾಯ ಪುಟದಲ್ಲಿ ಅವಳೇ ಬರೆದಿದ್ದಾಳೆ: ‘ಒಂದಕ್ಕೊಂದು ನಂಟಿಲ್ಲದ ಐದು ಪದಗಳನ್ನು ಆರಿಸಿಕೊಳ್ಳಿ. ಗಂಡನ ಹೆಸರು ಬೇಡ, ಅದು ಪಕ್ಕದ ಮನೆಯವರಿಗೂ ಗೊತ್ತು.’

ಮಧ್ಯಾಹ್ನ ಅನುಮಾನಪ್ಪ ಬಂದ. ನಮ್ಮ ಎಡಿಟರಿನಲ್ಲಿ ಬಿರುಕು ಹುಡುಕುವುದು ಅವನ ಕೆಲಸ. ತಾನು ತಿನ್ನುವ ಅನ್ನವನ್ನೂ ಎರಡು ಸಲ ನೋಡುವವನು, ಅದಕ್ಕೆ ಇವಳು ಇಟ್ಟ ಹೆಸರು ಅದು. ಎಲ್ಲವನ್ನೂ ಹೇಳಿದೆ. ಸಂಜೆಯವರೆಗೆ ತಡಕಾಡಿದ.

"ಆಗಲ್ಲ ಸಾರ್" ಎಂದ ಕೊನೆಗೆ. "ನಾವೇ ಮುರಿಯೋಕೆ ಆಗಿದ್ದಿದ್ರೆ ಇಷ್ಟು ವರ್ಷ ನಾನು ತಗೊಂಡ ಸಂಬಳ ದಂಡ."

ಕೆಲಸ ಚೆನ್ನಾಗಿ ಮಾಡಿದ್ದೇವೆ, ಮೂವರೂ.

ಮಾರ್ಚ್ ೨೧, ಶುಕ್ರವಾರ

ದಿನಚರಿ ಒಂದೇ ತೆರನಾಗಿದ್ದರೆ ನೆನಪಿಗೆ ಒಳ್ಳೆಯದು ಎಂದು ವೈದ್ಯರು ಹೇಳಿದ್ದರು. ಹಾಗಾಗಿ ಬೆಳಿಗ್ಗೆ ಟೀ ಆದ ಮೇಲೆ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸುತ್ತೇನೆ. ನಾನು ಪಕ್ಕದಲ್ಲಿ ಕೂರುತ್ತೇನೆ. ಅದೇ ಕುರ್ಚಿ, ಅದೇ ಬೆಳಕು. ಪಾಸ್‌ವರ್ಡ್ ಏನಿಟ್ಟೆ, ನೆನಪಿಸಿಕೋ ಎನ್ನುತ್ತೇನೆ.

ಸೋಮವಾರ ನಾಲ್ಕು ಪದ ಹೇಳಿದಳು. ಛತ್ರಿ, ಮೆಣಸು, ಏಣಿ, ಮಂಗಳವಾರ. ಐದನೆಯದು ಬರಲಿಲ್ಲ. ಐದನೆಯದಕ್ಕೆ ಮನೆಯಲ್ಲಿರುವ ಎಲ್ಲ ವಸ್ತುಗಳ ಹೆಸರು ಹಾಕಿ ನೋಡಿದೆ. ಆಮೇಲೆ ತಿಳಿಯಿತು, ಅದು ಸಹಾಯ ಪುಟದಲ್ಲಿ ಅವಳು ಉದಾಹರಣೆಗೆಂದು ಕೊಟ್ಟ ಸಾಲು. ಕೆಳಗೆ ‘ಇದನ್ನೇ ಇಟ್ಟುಕೊಂಡೀರಿ, ಹುಷಾರು’ ಎಂದೂ ಬರೆದಿದ್ದಾಳೆ.

ಮಂಗಳವಾರ, ಬುಧವಾರ ಏನೂ ಇಲ್ಲ. ನಿನ್ನೆ ಕುರ್ಚಿ ಎಳೆದ ಸದ್ದು ಕೇಳಿ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡಳು. ಇಂದು ಅತ್ತಳು. ಹೆಚ್ಚು ಹೊತ್ತಲ್ಲ.

ಮಾರ್ಚ್ ೨೪, ಸೋಮವಾರ

ಒಬ್ಬ ಹೆಂಗಸಿನ ಕರೆ. ಅವರ ತಮ್ಮ ತೀರಿಕೊಂಡಿದ್ದಾನೆ. ಅವನ ಕಂಪ್ಯೂಟರಿನಲ್ಲಿ ನಮ್ಮ ಬೀಗ ಬಿದ್ದ ಫೈಲು ಇದೆ. ಇಲ್ಲ ಎಂದೆ, ಕಾರಣ ಹೇಳಿದೆ. ಅವರು ಫೋನು ಇಡಲಿಲ್ಲ, ಮಾತೂ ಆಡಲಿಲ್ಲ. ನಾನು ಇಟ್ಟುಬಿಡಬಹುದಿತ್ತು. ಇಡಲಿಲ್ಲ. ಆ ಕಡೆ ಎಲ್ಲೋ ಕುಕ್ಕರ್ ಕೂಗುತ್ತಿತ್ತು. ಅದು ನಿಂತ ಮೇಲೆ ಅವರು ಥ್ಯಾಂಕ್ಸ್ ಹೇಳಿ ಇಟ್ಟರು. ಯಾತಕ್ಕೆ ಥ್ಯಾಂಕ್ಸೋ.

ಅನುಮಾನಪ್ಪನಿಗೆ ಹೇಳಿದೆ. ಅವನು ಎಷ್ಟೋ ವರ್ಷ ಇವಳ ಎದುರಿನ ಮೇಜಿನಲ್ಲಿ ಕುಳಿತವನು. "ಅಕ್ಕ ಮೊದಲಿಗೇ ಇಲ್ಲ ಅಂತಿರಲಿಲ್ಲ ಸಾರ್. ಅದರಲ್ಲಿ ಏನು ಬರೆದಿದ್ರಿ ಅಂತ ಕೇಳ್ತಿದ್ರು. ಅವರು ಹೇಳ್ತಾ ಹೋಗೋರು, ಅಕ್ಕ ಟೈಪ್ ಮಾಡ್ತಾ ಹೋಗೋರು. ಕೊನೆಗೆ ಅದನ್ನೇ ಅವರಿಗೆ ಕಳಿಸ್ತಿದ್ರು. ಪೂರ್ತಿ ಅಲ್ಲ, ಏನೋ ಒಂದಿಷ್ಟು ಸಿಕ್ಕಿದ ಹಾಗಾಗ್ತಿತ್ತು."

ಇದು ನನಗೆ ಗೊತ್ತಿರಲಿಲ್ಲ. ಒಂದೇ ಕೋಣೆಯಲ್ಲಿದ್ದೆವು. ನಾನು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೆಲಸ ಮಾಡುತ್ತಿದ್ದೆ.

ಮಾರ್ಚ್ ೩೦, ಭಾನುವಾರ

ಇವಳಿಗೆ ಮೂರು ದಿನ ಜ್ವರ. ಇಂದು ಇಳಿದಿದೆ. ಜ್ವರದ ನಂತರ ನೆನಪು ಒಮ್ಮೆಗೇ ಕುಸಿಯಬಹುದು, ಮತ್ತೆ ಮೇಲೆ ಬರದೆಯೂ ಇರಬಹುದು ಎಂದು ವೈದ್ಯರು ಎಚ್ಚರಿಸಿದ್ದಾರೆ.

ಮಗಳು ರಾತ್ರಿ ಉಳಿದಿದ್ದಳು. ಬೆಳಿಗ್ಗೆ ನಾನು ಇವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿದ್ದನ್ನು ನೋಡಿದಳು. ಅಲ್ಲಿ ಏನೂ ಅನ್ನಲಿಲ್ಲ. ನನ್ನನ್ನು ಹಿತ್ತಲಿಗೆ ಕರೆದೊಯ್ದಳು.

"ಅಪ್ಪಾ, ಅಮ್ಮನ್ನ ದಿನಾ ಪರೀಕ್ಷೆಗೆ ಕೂರಿಸ್ತಿದೀಯ. ದಿನಾ ಫೇಲ್ ಮಾಡ್ತಿದೀಯ."

ಅದರಲ್ಲಿ ಅವಳ ಇಚ್ಛೆ ಇದೆ, ಅದನ್ನು ಓದದೆ ಅವಳನ್ನು ಎಲ್ಲಿಗೋ ಕಳಿಸಲು ಅಥವಾ ಕಳಿಸದೆ ಇರಲು ನಾನು ಯಾರು ಎಂದೆ. ಮಗಳು ಒಣಗಿದ ಬಟ್ಟೆ ತೆಗೆಯುತ್ತಾ, ಅಮ್ಮ ಇನ್ನೂ ಇದ್ದಾಳಲ್ಲಪ್ಪ, ಅವಳನ್ನೇ ಕೇಳು ಎಂದಳು. ದಿನವೂ ಕೇಳುತ್ತಿರುವುದು ಅವಳನ್ನೇ ಅಲ್ಲವೇ ಎಂದೆ. ಮಗಳು ಬಟ್ಟೆಗಳನ್ನು ಹೆಗಲ ಮೇಲೆ ಹಾಕಿಕೊಂಡು ಒಳಗೆ ಹೋದಳು.

ಏಪ್ರಿಲ್ ೨, ಬುಧವಾರ

ಟೀ ಕೊಟ್ಟೆ. "ನೀವು ಕುಡಿದ್ರಾ?" ಎಂದಳು.

ಮದುವೆಯಾದ ದಿನದಿಂದ ಅವಳು ನನ್ನನ್ನು ನೀನು ಎಂದೇ ಕರೆದವಳು. ಗಂಡನಿಗೆ ಹಾಗೆನ್ನುತ್ತಾಳೆಂದು ನನ್ನ ಅಮ್ಮ ಕೊನೆಯವರೆಗೂ ಮುಖ ಗಂಟು ಹಾಕಿಕೊಂಡಿದ್ದಳು. ನಾನು ಯಾರು ಹೇಳು ಎಂದು ಕೇಳಿದೆ. ಮರ್ಯಾದೆಯಿಂದ ನಕ್ಕಳು. ಪರಿಚಯವಿದ್ದೂ ಹೆಸರು ನೆನಪಾಗದವರೆದುರು ನಗುತ್ತೇವಲ್ಲ, ಹಾಗೆ.

ಫೈಲು ಓದಬೇಕೆಂದು ಅವಳು ಹೇಳಿದ ದಿನ ಇದು.

ಏಪ್ರಿಲ್ ೩, ಗುರುವಾರ

ಬೆಳಿಗ್ಗೆ ಕೇಳಿದೆ. ಇಲ್ಲ.

ಏಪ್ರಿಲ್ ೪, ಶುಕ್ರವಾರ

ಕೇಳಿದೆ. ಇಲ್ಲ.

ಏಪ್ರಿಲ್ ೮, ಮಂಗಳವಾರ

ಸಂಜೆ ಚಪ್ಪಲಿ ಮೆಟ್ಟಿ ಬಾಗಿಲ ಬಳಿ ನಿಂತಿದ್ದಳು. ಮನೆಗೆ ಹೊರಟೆ, ನನ್ನ ಗಂಡ ಕಾಯ್ತಿರ್ತಾನೆ ಎಂದಳು. ಇದೇ ನಿನ್ನ ಮನೆ ಎಂದರೆ ಕೇಳಲಿಲ್ಲ. ಕೊನೆಗೆ ನಾನೂ ಚಪ್ಪಲಿ ಮೆಟ್ಟಿಕೊಂಡೆ. ರಸ್ತೆಯ ಕೊನೆಯ ಔಷಧಿ ಅಂಗಡಿಯವರೆಗೂ ಜೊತೆಗೆ ನಡೆದು, ಸುತ್ತು ಹಾಕಿ, ಇನ್ನೊಂದು ಕಡೆಯಿಂದ ನಮ್ಮ ಗೇಟಿಗೆ ಬಂದೆವು. "ಹಾಂ, ಇದೇ" ಎಂದು ಒಳಗೆ ಹೋದಳು. ಹೋಗುವಾಗ ತಿರುಗಿ, ಮನೆಯವರೆಗೆ ಬಿಡಲು ಬಂದದ್ದಕ್ಕೆ ಉಪಕಾರವಾಯಿತು ಎಂದಳು. ನಾನು ಸ್ವಲ್ಪ ಹೊತ್ತು ಗೇಟಿನ ಹೊರಗೇ ನಿಂತಿದ್ದೆ. ಕೂಡಲೇ ಹಿಂದೆಯೇ ನುಗ್ಗಿದರೆ ಹೆದರುತ್ತಾಳೆ.

ಆರೈಕೆ ಮನೆಯಿಂದ ಫೋನು ಬಂದಿತ್ತು. ಭಾನುವಾರದೊಳಗೆ ಹೇಳಬೇಕು.

ಏಪ್ರಿಲ್ ೧೦, ಗುರುವಾರ

ಬೆಳಿಗ್ಗೆ ಕೇಳಿದೆ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಾ ಕೂತಿದ್ದಳು. ಬಿಟ್ಟೆ.

ನಿವೃತ್ತ ಬಸ್ ಚಾಲಕರೊಬ್ಬರ ಕರೆ. ತಾವು ಓಡಿಸಿದ ಬಸ್ಸುಗಳ ಕಥೆಯನ್ನೆಲ್ಲ ಬರೆದು, ಮೊಮ್ಮಕ್ಕಳು ಕೆಡಿಸಬಾರದೆಂದು ಬೀಗ ಹಾಕಿದ್ದಾರೆ. ಈಗ ಅವರಿಗೇ ತೆರೆಯುತ್ತಿಲ್ಲ. ಮೊದಲ ದಿನ ಯಾವ ಬಸ್ಸು ಕೊಟ್ಟಿದ್ದರು ಎಂದು ಕೇಳಿದೆ. ಅವರು ಶುರು ಮಾಡಿದರು. ಗೇರು ಹಾಕಿದರೆ ಕೈಗೇ ಕಿತ್ತು ಬರುತ್ತಿದ್ದ ಬಸ್ಸು. ಇಳಿಜಾರಿನಲ್ಲಿ ಬ್ರೇಕು ಹತ್ತದೆ ಕಲ್ಲಿನ ರಾಶಿಗೆ ಗುದ್ದಿ ನಿಲ್ಲಿಸಿದ್ದು. ಇಳಿದ ಪ್ರಯಾಣಿಕರೊಬ್ಬರು, ಪರವಾಗಿಲ್ಲ ಬಿಡಪ್ಪ, ನನ್ನ ಸ್ಟಾಪೂ ಇದೇ ಎಂದದ್ದು. ನಾನು ಟೈಪ್ ಮಾಡುತ್ತಾ ಹೋದೆ. ನಡುವೆ ಅವರ ಹೆಂಡತಿ ಬಂದು, ಅದು ಕಲ್ಲಿನ ರಾಶಿ ಅಲ್ಲ, ಗೊಬ್ಬರದ ತಿಪ್ಪೆ ಎಂದು ತಿದ್ದಿದರು. ಅದನ್ನೂ ಹಾಗೆಯೇ ಹಾಕಿದೆ. ಊಟದ ಹೊತ್ತಾಯಿತೆಂದು ಅವರೇ ನಿಲ್ಲಿಸಿದರು, ನಾಳೆ ಮುಂದುವರಿಸೋಣ ಎಂದರು.

ಈ ಗಲಾಟೆಯಲ್ಲಿ ಇಂದು ಪ್ರೋಗ್ರಾಮಿನ ಕೆಲಸ ಏನೂ ಆಗಲಿಲ್ಲ.

ಏಪ್ರಿಲ್ ೧೨, ಶನಿವಾರ

ನಡೆದದ್ದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಮಧ್ಯಾಹ್ನ ಸಹಾಯವಾಣಿಯ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಇವಳ ಮೊಬೈಲ್ ನಂಬರು ಇತ್ತು. ಕೈತಪ್ಪಿ ಒತ್ತಿದ್ದಾಳೆ ಎಂದುಕೊಂಡು ಎತ್ತಿದೆ.

"ಹಲೋ, ಸಹಾಯವಾಣಿನಾ?" ಎಂದಳು.

ಒಳಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವಳು ಕಂಪ್ಯೂಟರಿನ ಮುಂದೆ ಕುಳಿತಿದ್ದಳು, ಬೆನ್ನು ನನ್ನ ಕಡೆಗೆ. ಪಾಸ್‌ವರ್ಡ್ ಕೇಳುವ ಚೌಕದ ಕೆಳಗೆ ನಮ್ಮ ನಂಬರು ಇರುತ್ತದೆ. ಅದನ್ನು ನೋಡಿ ಮಾಡಿದ್ದಾಳೆ. ನಾನು ಏಳಲು ಹೋದವನು ಏಳಲಿಲ್ಲ.

"ಹೌದು. ಹೇಳಿ" ಎಂದೆ.

"ನನ್ನದೊಂದು ಫೈಲು ತೆರೀತಾ ಇಲ್ಲ. ಪಾಸ್‌ವರ್ಡ್ ಮರೆತಿದೀನಿ. ಅದು ನಿಮ್ಮ ಹತ್ರ ಇರಲ್ಲ ಅಂತ ಗೊತ್ತು, ಆದ್ರೂ ಕೇಳೋಣ ಅಂತ."

"ಅದರಲ್ಲಿ ಏನು ಬರೆದಿದ್ರಿ?"

"ನನ್ನ ಗಂಡನಿಗೆ ಬರೆದದ್ದು."

"ನೆನಪಿದ್ದಷ್ಟು ಹೇಳಿ. ನಾನು ಬರ್ಕೊಳ್ತೀನಿ."

ನಾನು ಕೀಲಿಮಣೆಯ ಮೇಲೆ ಕೈ ಇಟ್ಟುಕೊಂಡು ಕಾದೆ.

"ಮೊದಲು ಚೆನ್ನಾಗಿ ಬೈದಿದೀನಿ. ಅದು ನೆನಪಿದೆ" ಎಂದು ನಕ್ಕಳು. "ಆಮೇಲೆ... ಅಲ್ಲ, ಅದು ಅವನಿಗೆ ಅಂತ ಬರೆದದ್ದು. ನಿಮಗೆ ಹೇಗೆ ಹೇಳ್ಲಿ? ತಪ್ಪು ತಿಳ್ಕೋಬೇಡಿ."

ತಪ್ಪು ತಿಳಿಯುವುದಿಲ್ಲ ಎಂದೆ. ಬೇರೆ ಏನಾದರೂ ಹೇಳುವುದಿದ್ದರೆ ಹೇಳಿ, ನನಗೆ ಅವಸರವಿಲ್ಲ ಎಂದೆ.

ದನಿ ತಗ್ಗಿಸಿದಳು. "ಇಲ್ಲೊಬ್ರು ಇದಾರೆ. ದಿನಾ ಬೆಳಿಗ್ಗೆ ಕೂರಿಸ್ಕೊಂಡು ಇದೇ ಕೇಳ್ತಾರೆ, ಏನಿಟ್ಟೆ, ಏನಿಟ್ಟೆ ಅಂತ. ಬೆಳಗಾಯ್ತು ಅಂದ್ರೆ ನನಗೆ ಎದ್ದೇಳೋಕೇ ಮನಸ್ಸಾಗಲ್ಲ. ಗೊತ್ತಿಲ್ಲ ಅಂದ್ರೆ ಅವರ ಮುಖ ನೋಡೋಕಾಗಲ್ಲ. ಪಾಪ. ಅದಕ್ಕೇ ನಿಮ್ಮನ್ನಾದ್ರೂ ಕೇಳಿ ಅವರಿಗೆ ಹೇಳಿಬಿಡೋಣ ಅಂತ."

ಆ ಕಡೆಯಿಂದ ಅವಳೇ, ಲೈನಲ್ಲಿದೀರಾ ಎಂದು ಕೇಳಿದಳು. ಇದ್ದೇನೆ ಎಂದೆ.

"ಅಲ್ಲಿ ಇರೋದು ನಿಮಗೆ ಕಷ್ಟ ಆಗ್ತಿದ್ಯಾ? ಬೇರೆ ಕಡೆ ಹೋಗಿ ಇರ್ತೀರಾ? ಒಳ್ಳೆ ಜಾಗ ಇದೆ, ಅಂಗಳ ಇದೆ. ನೋಡ್ಕೊಳ್ಳೋಕೆ ಜನ ಇರ್ತಾರೆ."

ಇದಕ್ಕೆ ಅವಳು ಯೋಚಿಸಿ ಉತ್ತರಿಸಿದಳು.

"ಬೇಡ. ಮನುಷ್ಯ ಕೆಟ್ಟವರೇನಲ್ಲ. ಟೀ ಚೆನ್ನಾಗಿ ಮಾಡ್ತಾರೆ. ನಡೀತೀನಿ ಅಂದ್ರೆ ಜೊತೆಗೆ ಬರ್ತಾರೆ. ಬೆಳಿಗ್ಗೆ ಅದೊಂದು ಕೇಳದೇ ಇದ್ರೆ ಇಲ್ಲೇ ಇರಬಹುದು."

ಬರೆದುಕೊಂಡೆ.

"ನನ್ನ ಗಂಡ ನಿಮಗೆ ಫೋನ್ ಮಾಡಿದ್ರೆ, ನಾನು ಮಾಡಿದ್ದೆ ಅಂತ ಹೇಳ್ತೀರಾ?" ಎಂದಳು.

"ಹೇಳ್ತೀನಮ್ಮ" ಎಂದೆ.

ಅವಳು ಮೊಬೈಲನ್ನು ಮೇಜಿನ ಮೇಲಿಟ್ಟದ್ದು ಬಾಗಿಲ ಸಂದಿನಲ್ಲಿ ಕಾಣಿಸಿತು. ರಿಸೀವರ್ ನನ್ನ ಕೈಯಲ್ಲೇ ಇತ್ತು.

ಏಪ್ರಿಲ್ ೧೩, ಭಾನುವಾರ

ಆ ಹಾಸಿಗೆ ಬೇರೆಯವರಿಗೆ ಕೊಡಲಿ ಎಂದು ಮಗಳಿಗೆ ಹೇಳಿದೆ. ಅಮ್ಮ ಏನಾದ್ರೂ ಹೇಳಿದ್ಲಾ ಎಂದಳು. ಹೇಳಿದಳು ಎಂದೆ. ಫೈಲು ತೆರೀತಾ ಎಂದಳು. ಇಲ್ಲ ಎಂದೆ. ಮುಂದೆ ಅವಳು ಕೇಳಲಿಲ್ಲ. ವಾರದಲ್ಲಿ ಮೂರು ದಿನ ತಾನೇ ಬಂದು ಉಳಿಯುತ್ತೇನೆ, ಗ್ಯಾಸಿಗೆ ಬೀಗದ ಪೆಟ್ಟಿಗೆ ಹಾಕಿಸುತ್ತೇನೆ ಎಂದಳು.

ಬೆಳಿಗ್ಗೆ ಟೀ ಮಾಡಿ ಒಳಕೋಣೆಗೆ ಒಯ್ದೆ. ಇವಳು ಆಗಲೇ ಕಂಪ್ಯೂಟರಿನ ಮುಂದೆ, ತೊಡೆಯ ಮೇಲೆ ಕೈ ಜೋಡಿಸಿಕೊಂಡು ಕುಳಿತಿದ್ದಳು. ನಾನು ಕುರ್ಚಿ ಎಳೆಯಲಿಲ್ಲ. ಲೋಟ ಕೊಟ್ಟು ಮಂಚದ ತುದಿಯಲ್ಲಿ ಕುಳಿತೆ. ಅವಳು ನನ್ನನ್ನು ನೋಡಿದಳು, ಪರದೆಯನ್ನು ನೋಡಿದಳು, ಮತ್ತೆ ನನ್ನನ್ನು ನೋಡಿದಳು.

"ಇವತ್ತು ಕೇಳಲ್ವಾ?"

"ಏನನ್ನ?" ಎಂದೆ.

ನೆನಪಿಸಿಕೊಳ್ಳಲು ಹೊರಟು ಹುಬ್ಬು ಗಂಟಿಕ್ಕಿದಳು. ಹೆಗಲು ಬಿಗಿಯಾದದ್ದು ಕಾಣಿಸಿತು.

"ಏನೂ ಇಲ್ಲ" ಎಂದೆ. "ಆರಿಹೋಗುತ್ತೆ, ಟೀ ಕುಡೀರಿ."

ಕುಡಿದಳು.